ಶನಿವಾರದ ಗೆರೆ

ಶಂಭುಲಿಂಗ ಅನ್ನೋ ಹೆಸರು ಕೇಳಿ, ಕನ್ನಡಕ ಮೂಗಿನ ತುದಿಗಿಳಿಸಿಕೊಂಡ ಅಜ್ಜನೊಬ್ಬನನ್ನು ಊಹಿಸಿಕೊಂಡು ಹೋಗಿದ್ದೆ ನಾನು. ಶಿರಸಿ ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ಆ ಡಿಟಿಪಿ ಅಂಗಡಿಯಲ್ಲಿ ಕೂತಿದ್ದವನಿಗೆ ಹೆಚ್ಚೂಕಮ್ಮಿ ನನ್ನದೇ ವಯಸ್ಸು. ತೋಳು ಮಡಚಿದ ಅಂಗಿ, ಕಿವಿಯ ಮೇಲೊಂದು ಪೆನ್ಸಿಲ್ಲು.

"ಬರ್ರಿ ಮೇಡಂ, ಕುಂದರ್ರಿ" ಅಂದ. ಗುಡ್ನಾಪುರದ ಕಡೆಯವನು ಅಂತ ಮಾತಲ್ಲೇ ತಿಳೀತು.

ಕೂರುವ ಮೂಡಿನಲ್ಲಿ ನಾನಿರಲಿಲ್ಲ. ಸಿದ್ದಾಪುರದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳ್ತೇನೆ. ತನುಜಾ ಮೇಡಂ ಅಂದ್ರೆ ಸಿಟ್ಟು ಅಂತ ಮಕ್ಕಳಲ್ಲಿ ಹೆಸರೂ ಇದೆ. ಸಿದ್ದಾಪುರ, ಯಲ್ಲಾಪುರ ಕಡೆಯ ಫೇಲಾದ ಮಕ್ಕಳು ಮತ್ತೆ ಪರೀಕ್ಷೆಗೆ ಕೂರ್ತಾರಲ್ಲ, ಅವರಿಗೇ ಅಂತ ಒಂದು ಸಣ್ಣ ಪುಸ್ತಕ ಬರೆದಿದ್ದೆ. ಅದನ್ನು ಟೈಪ್ ಮಾಡಲು ಈ ಅಂಗಡಿಗೆ ಕಳಿಸಿದ್ದೆ. ಈಗ ಸ್ಕ್ರೀನ್ ನೋಡಿದರೆ ಮೂರರ ಕೆಳಗೆ ನಾಲ್ಕಿದೆ, ನಡುವೆ ಗೆರೆಯೇ ಇಲ್ಲ. ವರ್ಗಮೂಲದ ಚಿಹ್ನೆಗೆ ತಲೆ ಮೇಲಿನ ಅಡ್ಡಗೆರೆ ಇಲ್ಲ. ಕೆಲವು ಕಡೆ ಮೈನಸ್ಸೂ ನಾಪತ್ತೆ.

"ಎಂತ ಇದು? ಮೊದಲೇ ಫೇಲಾದ ಮಕ್ಕಳು. ಈ ಪುಸ್ತಕ ಓದಿದ್ರೆ ಇನ್ನೊಂದು ಸಲ ಫೇಲಾಗ್ತಾರೆ ಅಷ್ಟೆ."

ಅವನು ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದ. ಅಕ್ಷರ ದೊಡ್ಡವಾದವು. ಮೂರಕ್ಕೂ ನಾಲ್ಕಕ್ಕೂ ನಡುವೆ ಗೆರೆ ಬಂದು ಕೂತಿತ್ತು.

"ಈಗ ಕಾಣ್ತೈತೇನ್ರಿ?"

ಮತ್ತೆ ಸಣ್ಣದು ಮಾಡಿದ. ಗೆರೆ ಮಾಯ. ಒಂದು ಪ್ರಿಂಟ್ ತೆಗೆದು ಕೈಗಿಟ್ಟ. ಕಾಗದದಲ್ಲಿ ಎಲ್ಲಾ ಗೆರೆ, ಎಲ್ಲಾ ಮೈನಸ್ಸು ಸರಿಯಾಗಿದ್ದವು. ನನ್ನ ಸಿಟ್ಟಿಗೆ ಇಳಿಯಲು ಜಾಗ ಇಲ್ಲದಂತಾಯ್ತು.

"ಹಾಗಾದ್ರೆ ಇಷ್ಟೊತ್ತು ಎಲ್ಲಿ ಹೋಗಿತ್ತು ಅದು?"

"ಗೊತ್ತಿಲ್ರಿ. ಈ ಸಾಫ್ಟ್‌ವೇರ್‌ನಾಗ ಹಂಗ ಆಕ್ಕೈತಿ. ನಾವು ರೂಢಿ ಮಾಡ್ಕೊಂಡೀವಿ."

"ಇದ್ದ ಗೆರೆ ಕಾಣೋದಿಲ್ಲ ಅಂದ್ರೆ ಅದಕ್ಕೊಂದು ಕಾರಣ ಇರಬೇಕಲ್ಲ. ರೂಢಿ ಮಾಡ್ಕೊಂಡ್ರೆ ಆಯ್ತಾ?"

ಅವನು ಆಗ ನನ್ನನ್ನು ಸರಿಯಾಗಿ ನೋಡಿದ. ಕಣ್ಣಲ್ಲಿ ನಗು ಇತ್ತು, ಬಾಯಿಗೆ ಬರಲು ಬಿಡಲಿಲ್ಲ. "ಕಾರಣ ಸಿಗೂತನಕ ನೀವು ಬಿಡಂಗಿಲ್ಲ ಅನ್ರಿ."

ಬಿಡಲಿಲ್ಲ. ಕಾಲೇಜು ಶನಿವಾರ ಮಧ್ಯಾಹ್ನಕ್ಕೆ ಬಿಡುತ್ತೆ. ಅಲ್ಲಿಂದ ಶಿರಸಿ ಬಸ್ಸು ಹತ್ತೋದು, ಅವನ ಪಕ್ಕದ ಸ್ಟೂಲಿನಲ್ಲಿ ಕೂತು ಆ ವಾರದ ಪುಟ ತಿದ್ದೋದು ಅಭ್ಯಾಸವಾಯ್ತು. ಗೆರೆ ಕಾಣದಿದ್ದಾಗೆಲ್ಲ "ಇಲ್ಲಿಲ್ಲ" ಅಂತೇನೆ, ಅವನು "ಹತ್ರ ಬರ್ರಿ" ಅಂದು ದೊಡ್ಡದು ಮಾಡಿ ತೋರಿಸ್ತಾನೆ. ಬೇಕಾದ್ದಕ್ಕಿಂತ ದೊಡ್ಡದು ಮಾಡ್ತಾನೆ, ನಾನೂ ಕಣ್ಣು ಅಷ್ಟೇನೂ ಮಂದ ಇಲ್ಲದಿದ್ದರೂ ಬಗ್ಗಿ ನೋಡ್ತೇನೆ.

ಒಂದು ಶನಿವಾರ ಬಾಟಲಿಯ ನೀರಿಗೆ ಬೆರಳು ಅದ್ದಿ, ಒಂದು ಹನಿಯನ್ನು ಸ್ಕ್ರೀನಿಗೆ ಮೆಲ್ಲಗೆ ತಾಗಿಸಿದ.

"ಏ, ಎಂತ ಮಾಡ್ತೀರಿ? ಹಾಳಾಗ್ತದೆ."

"ಒಂದು ಹನಿಗೆ ಏನಾಗಂಗಿಲ್ರಿ. ಅದರೊಳಗ ನೋಡ್ರಿ."

ಬಗ್ಗಿದೆ. ಹನಿಯೊಳಗೆ ಕೆಂಪು, ಹಸಿರು, ನೀಲಿಯ ಸಣ್ಣ ಸಣ್ಣ ಕಡ್ಡಿಗಳು ಸಾಲಾಗಿ ನಿಂತಿದ್ದವು. ನಾವು ಬಿಳಿ ಅಂತ ನೋಡುತ್ತಿದ್ದ ಪುಟ ಬಿಳಿಯೇ ಅಲ್ಲ. ಅವನೂ ಬಗ್ಗಿದ. ಅವನ ಕೂದಲಿಗೆ ಹಚ್ಚಿದ ಕೊಬ್ಬರಿ ಎಣ್ಣೆ ಪರಿಮಳ ಬಂತು. ಗಣಿತ ಅರ್ಧ ಕ್ಷಣ ಮರೆತುಹೋಯ್ತು. ನಾನಂಥವಳಲ್ಲ, ಆದರೂ ಹೋಯ್ತು.

ಮತ್ತೆ ನೆನಪಾದಾಗ ಗಟ್ಟಿಯಾಗೇ ಹೇಳಿದೆ. "ಈ ಮೂರು ಕಡ್ಡಿ ಸೇರಿ ಒಂದು ಚುಕ್ಕಿ. ಗೆರೆ ಆ ಚುಕ್ಕಿಗಿಂತ ತೆಳು. ಅರ್ಧ ಚುಕ್ಕಿ ಹಚ್ಚೋಕೆ ಇದಕ್ಕೆ ಬರೋದಿಲ್ಲ. ಹಚ್ಚಿದ್ರೆ ಪೂರ್ತಿ ಹಚ್ಚಬೇಕು, ಇಲ್ದಿದ್ರೆ ಬಿಡಬೇಕು. ಇದು ಬಿಡ್ತಾ ಇದೆ. ದೊಡ್ಡದು ಮಾಡಿದ್ರೆ ಗೆರೆ ಒಂದು ಚುಕ್ಕಿಯಷ್ಟು ದಪ್ಪ ಆಗ್ತದೆ, ಆಗ ಹಚ್ತದೆ."

"ಅಂದ್ರ ಧೈರ್ಯ ಸಾಲಂಗಿಲ್ಲ ಅದಕ್ಕ" ಅಂದ.

"ಯಾರಿಗೆ?"

"ಸಾಫ್ಟ್‌ವೇರ್‌ಗ್ರಿ." ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಸುಮ್ಮನೆ ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಕಾರಣ ಸಿಕ್ಕಿತು ಅಂತ ಖುಷಿ ಆಗಬೇಕಿತ್ತು. ವಾಪಸು ಬಸ್ಸಲ್ಲಿ ಬಾಕಿ ಇರೋ ಪುಟಗಳ ಲೆಕ್ಕ ಹಾಕ್ತಾ ಕೂತೆ. ಪುಸ್ತಕದ ಕೊನೇ ಅಧ್ಯಾಯವಷ್ಟೇ ಬಾಕಿ. ಅದು ಮುಗಿದರೆ ಪ್ರೆಸ್ಸಿಗೆ ಹೋಗುತ್ತೆ, ಆಮೇಲೆ ನನಗೆ ಶಿರಸಿಯಲ್ಲಿ ಕೆಲಸ ಇಲ್ಲ. ಅವನು ಒಂದು ಮಾತು ಆಡಿದ್ದಿದ್ದರೆ ಆಗ್ತಿತ್ತು. ಆಡುವ ಲಕ್ಷಣ ಕಾಣಲಿಲ್ಲ. ನಾನಾಗೇ ಆಡಿ, ಅವನು "ಹಂಗೇನಿಲ್ರಿ ಮೇಡಂ" ಅಂದುಬಿಟ್ಟರೆ? ಕ್ಲಾಸಲ್ಲಿ ಅಷ್ಟು ಜನರ ಮುಂದೆ ಬಾಯಿ ಮಾಡುವವಳಿಗೆ ಇದೊಂದು ವಾಕ್ಯ ಹೇಳೋಕೆ ಬರಲಿಲ್ಲ.

ಕೊನೇ ಶನಿವಾರ ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಅವನಿರಲಿಲ್ಲ. ಅವನ ಜಾಗದಲ್ಲಿ, ಅಂಗಡಿಯ ಜೆರಾಕ್ಸ್ ನೋಡಿಕೊಳ್ಳುವ ಗಂಗಾ ಕೂತು ಯಾವುದೋ ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡ್ತಿದ್ದಳು.

"ಕೂತ್ಕಳಿ ಮೇಡಂ. ಶಂಭಣ್ಣ ಪೇಪರ್ ತರೋಕೆ ಹೋಗಿದಾನೆ, ಈಗ ಬರ್ತಾನೆ."

ಕೂತು ಸ್ಕ್ರೀನ್ ನೋಡಿದೆ. ಭಿನ್ನರಾಶಿ, ವರ್ಗಮೂಲ, ಎಲ್ಲಾ ಇದ್ದವು. ಅಕ್ಷರ ಸಣ್ಣವೇ. ಆದರೂ ಒಂದು ಗೆರೆಯೂ ತಪ್ಪಿರಲಿಲ್ಲ.

"ಗಂಗಾ, ಇದರಲ್ಲಿ ಗೆರೆ ಕಾಣ್ತಾ ಇದೆಯಲ್ಲ?"

"ಹೊಸ ವರ್ಷನ್ ಮೇಡಂ. ಹಾಕಿ ಸುಮಾರು ದಿನ ಆಯ್ತು. ಇದರಲ್ಲಿ ಆ ರಗಳೆ ಇಲ್ಲ." ಟೈಪ್ ಮಾಡ್ತಲೇ ಹೇಳಿದಳು. "ನಿಮ್ಮ ಪುಸ್ತಕ ಮಾತ್ರ ಹಳೇದರಲ್ಲೇ ತೆಗೀತಾನೆ. ಶನಿವಾರ ಮಧ್ಯಾಹ್ನ ಆದ್ಕೂಡ್ಲೆ ಹಳೇದು ಓಪನ್ ಮಾಡಿ ಇಡ್ತಾನೆ. ನಿಮಗೆ ಅದೇ ಬೇಕಂತೆ ಹೌದಾ?"

ನಾನು ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ನಗು ಬರ್ತಿತ್ತು, ಅದಕ್ಕಿಂತ ಮೊದಲು ಕಣ್ಣು ಒದ್ದೆಯಾಗಿತ್ತು.

ಅವನು ಪೇಪರಿನ ಬಂಡಲ್ ಹೊತ್ತುಕೊಂಡು ಬಂದ. ನನ್ನನ್ನು ನೋಡಿದ, ಸ್ಕ್ರೀನ್ ನೋಡಿದ, ಗಂಗಾಳನ್ನು ನೋಡಿದ. ಬಂಡಲ್ ಇಳಿಸುವುದನ್ನೇ ಮರೆತ. ಗಂಗಾಗೆ ಏನು ಹೊಳೆಯಿತೋ, ಜೆರಾಕ್ಸ್ ಮಷಿನ್ ಹತ್ತಿರ ಎದ್ದು ಹೋದಳು.

"ಗೆರೆ ಸರಿಯಾಗಿದೆಯಂತೆ" ಅಂದೆ.

"ಹೌದ್ರಿ." ಕಿವಿ ಕೆಂಪಾಗಿತ್ತು. "ಸರಿ ಆಗೇತಿ ಅಂದ್ರ ನೀವು ಬರಂಗಿಲ್ಲ ಅನ್ನಿಸ್ತ್ರಿ. ತಪ್ಪಾತು. ಬೈರಿ ಬೇಕಾದ್ರ."

"ಬೈತೇನೆ ಇರಿ. ಮೊದಲು ಒಂದು ಪ್ರಶ್ನೆ. ಪ್ರಿಂಟಲ್ಲಿ ಎಲ್ಲಾ ಸರಿ ಬರ್ತದೆ ಅಂತ ಮೊದಲನೇ ದಿನ ನೀವೇ ತೋರಿಸಿದ್ರಿ. ಪ್ರಿಂಟ್ ತಗೊಂಡು ಹೋಗಿ ನಾನು ಮನೇಲಿ ಕೂತು ತಿದ್ದಬಹುದಿತ್ತು. ಮತ್ತೆ ಪ್ರತಿ ಶನಿವಾರ ಆ ಬಸ್ಸಲ್ಲಿ ನಿಂತ್ಕೊಂಡು ಎಂತಕ್ಕೆ ಬಂದೆ?"

ಅವನು ನಿಜವಾಗಿಯೂ ಯೋಚಿಸಿದ. "ನಿಮಗ ಕಾರಣ ಬೇಕಾಗಿತ್ತಲ್ರಿ. ಗೆರಿ ಯಾಕ ಕಾಣಂಗಿಲ್ಲ ಅಂತ."

"ಕಾರಣ ಆವತ್ತೇ ಸಿಕ್ತಲ್ಲ ಮಾರಾಯ, ನೀರಿನ ಹನಿಯಲ್ಲಿ. ಇವತ್ತು ಎಂತಕ್ಕೆ ಬಂದೆ?"

ಅವನ ಮುಖದಲ್ಲಿ ಅರ್ಥ ಆಗುತ್ತಾ ಹೋಗುವುದನ್ನು ಬಿಡದೆ ನೋಡಿದೆ. ಬೋರ್ಡಿನ ಮುಂದೆ ನಿಂತ ಹುಡುಗನಿಗೆ ಲೆಕ್ಕ ಬಿಡಿಸಲು ಬಂದಾಗ ಹೀಗೇ ಆಗುತ್ತೆ.

"ನೀವು ಅಂದ್ರೆ ಇಷ್ಟ ನಂಗೆ" ಅಂದೆ. ಬಸ್ಸಲ್ಲಿ ಬಾರದ ವಾಕ್ಯ ಅಷ್ಟು ಸುಲಭವಾಗಿ ಬಂತು.

"ನನಗೂ ರೀ" ಅಂದ. ಆಮೇಲೆ, ಅದು ಸಾಲದು ಅನ್ನಿಸಿರಬೇಕು, ಬಂಡಲ್ ಕೆಳಗಿಟ್ಟು ನೆಟ್ಟಗೆ ನಿಂತ. "ನೀವು ಬಂದು ಬೈದ ದಿನದಿಂದ, ತನುಜಾ."

ಮೇಡಂ ಬಿಟ್ಟು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಪುಸ್ತಕವನ್ನು ಹೊಸ ವರ್ಷನ್ನಿನಲ್ಲಿ ಕೊನೇ ಸಲ ನೋಡಿದೆವು. ಎಲ್ಲಾ ಮೈನಸ್ಸು ಜಾಗದಲ್ಲಿದ್ದವು. ಪ್ರೆಸ್ಸಿಗೆ ಕಳಿಸಿಯೂ ಆಯ್ತು. ಕೆಲಸ ಮುಗೀತು. ಅವನು ಏನು ಮಾಡಬೇಕು ತಿಳಿಯದೆ ಮೌಸ್ ಹಿಡಿದು ಕೂತಿದ್ದ.

"ಹಳೇದು ಹಾಕಿ" ಅಂದೆ.

ಅವನು ನನ್ನನ್ನು ನೋಡಿ ನಕ್ಕ. ಈ ಸಲ ತಡೀಲಿಲ್ಲ. ಹಳೇ ವರ್ಷನ್ ತೆರೆದ. ಗೆರೆಗಳೆಲ್ಲ ಒಮ್ಮೆಲೇ ಮಾಯವಾದವು.

"ಕಾಣ್ತಾ ಇಲ್ಲ" ಅಂದೆ.

"ಹತ್ರ ಬರ್ರಿ" ಅಂದ.