ಡೋಲಿನ ಒಳಗಿನ ಹೆಸರು

"ಡೋಲಿಲ್ಲ! ಡೋಲು ಹೋಯ್ತು!"

ಜುಲೈ ಹನ್ನೊಂದರ ಬೆಳಿಗ್ಗೆ ಎಂಟಕ್ಕೆ ಪ್ರಾಟೆಸ್ಟಂಟರ ಆರೆಂಜ್ ಸಂಘದ ಅಧ್ಯಕ್ಷ ಮರ್ವಿನ್ ಗಿರ್ವನ್ ಕೂಗಿದ್ದು ಟಲ್ಲಿಬ್ರಾನ್ ಊರಿಗೆಲ್ಲ ಕೇಳಿಸಿತು. ಮರುದಿನವೇ ಸಂಘದ ವಾರ್ಷಿಕ ಮೆರವಣಿಗೆ. ತೊಂಬತ್ತಕ್ಕೂ ಹೆಚ್ಚು ವರ್ಷ ಪ್ರಾಟೆಸ್ಟಂಟರ ಮುಂದೆ ಗುಡುಗಿದ್ದ ಲ್ಯಾಂಬೆಗ್ ಎಂಬ ಭಾರಿ ಡೋಲು ಸಂಘದ ಭವನದಿಂದ ಮಾಯವಾಗಿತ್ತು. ಹಿಂದಿನ ಕಿಟಕಿಯ ಗಾಜು ಒಡೆದಿತ್ತು.

ನಾನು ಕಾನ್‌ಸ್ಟೇಬಲ್ ಹ್ಯಾಸ್ಲೆಟ್. ನನ್ನಪ್ಪ ಅದೇ ಡೋಲಿನ ಹಿಂದೆ ನಡೆದವನು. ನನ್ನ ಜೊತೆ ಬಂದ ಸಾರ್ಜೆಂಟ್ ಬ್ರೋನಾ ಮೆಗ್ಲೇಡ್ ಕ್ಯಾಥೊಲಿಕ್ ಹೆಂಗಸು. ಅದು ಅಲ್ಲಿ ನೆರೆದಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

"ಹುಡುಕೋಕೇನಿದೆ?" ಮರ್ವಿನ್ ಕೆಂಪೇರಿದ್ದ. "ಸೇತುವೆ ಆಚೆ ಕ್ಯಾಥೊಲಿಕ್ ಕೇರಿಯ ಬಡಗಿ ಮ್ಯಾಲಕಿ ಟೀಗ್ ಮನೆಗೆ ಹೋಗಿ. ನಮ್ಮ ಡೋಲು ಕೇಳಿದ್ರೆ ಬಾಗಿಲು ಹಾಕ್ಕೊಳ್ಳೋನು ಅವ್ನು. ಆದ್ರೆ ನೀವು ಹೋಗ್ತೀರಾ? ನೀವು ಆ ಕಡೆಯೋರಲ್ವಾ?"

"ನಾನು ಕಳ್ಳರನ್ನ ಹಿಡಿಯೋ ಕಡೆಯೋಳು, ಗಿರ್ವನ್ ಅವರೇ. ಬೀಗದಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಚಹಾ ಮಾಡೋ ಇಸೊಬೆಲ್ ಪರ್ಡಿ ಹತ್ರ ಒಂದು. ಅವರ ಯಜಮಾನ್ರು ವಿನ್‌ಸ್ಟನ್ ಮೂವತ್ತು ವರ್ಷ ಈ ಡೋಲು ಬಾರಿಸಿದ ಪುಣ್ಯಾತ್ಮ. ಆದ್ರೆ ಬೀಗದ ಮಾತ್ಯಾಕೆ? ಒಡೆದ ಕಿಟಕಿ ಕಾಣ್ಸಲ್ವಾ?"

"ಕಾಣ್ಸುತ್ತೆ. ಇವತ್ತು ಡೋಲಿಗೆ ಏನಾದ್ರೂ ಕೆಲ್ಸ ಇತ್ತಾ?"

"ಹೊಸ ತೊಗಲು ಹಾಕೋರು ಬರ್ತಿದ್ರು. ಇಷ್ಟು ದಿನ ವಿನ್‌ಸ್ಟನ್ ತಮ್ಮ ಮನೇಲೇ ಹಾಕ್ತಿದ್ರು. ಅವರು ಹೋದ್ಮೇಲೆ ಇದೇ ಮೊದ್ಲು."

"ಡೋಲಿಗೆ ಏನು ಹೊದಿಸ್ತಿದ್ರಿ?"

"ಕಂಬಳಿ," ಎಂದು ಮರ್ವಿನ್ ಸುತ್ತ ನೋಡಿದ. ಕಂಬಳಿಯೂ ಇರಲಿಲ್ಲ.

ನಾವು ಸೇತುವೆಯತ್ತ ನಡೆದೆವು. ಬೆಳಿಗ್ಗೆಯೇ ಸೆಕೆ. ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಒಂದು ಮನೆಯ ಚಿಮಣಿಯಲ್ಲಿ ಮಾತ್ರ ಹೊಗೆ. ನಾನು ಅದರತ್ತ ಲಕ್ಷ್ಯ ಕೊಡಲಿಲ್ಲ.

ಮ್ಯಾಲಕಿಗೆ ಎಪ್ಪತ್ತು ದಾಟಿತ್ತು. ಉಜ್ಜುಗೊರಡು ಕೆಳಗಿಡದೆಯೇ ಹೇಳಿದ:

"ನಾನು ಆ ಡೋಲು ಮುಟ್ಟಿದ್ರೆ ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೆ, ತಾಯಿ."

"ಯಾಕೆ?"

"ಮಾಡಿದ್ದೇ ಅವನು! ಆಗಸ್ಟ್ ಹದಿನೈದಕ್ಕೆ ದೇವಮಾತೆ ಹಬ್ಬದ ನಮ್ಮ ಕ್ಯಾಥೊಲಿಕರ ಮೆರವಣಿಗೆಗೆ ಒಂದು, ಅವರ ಜುಲೈ ಹನ್ನೆರಡಕ್ಕೆ ಒಂದು. ಓಕ್ ಮರ ಬಗ್ಗಿಸೋದ್ರಲ್ಲಿ ಅವನ ಕೈ ಅಂಥದ್ದು. ಒಳಗೆ ಹೆಸರೂ ಬರೆದಿದ್ದಾನೆ. ವಿನ್‌ಸ್ಟನ್‌ಗೆ ಗೊತ್ತಿತ್ತು. ಅವನೂ ಬಾಯಿ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ."

"ಮತ್ತೆ ಡೋಲು ಬಂದಾಗ ಬಾಗಿಲು ಹಾಕ್ಕೊಳ್ಳೋದು?"

"ಒಳಗೆ ಕೂತು ಕೇಳ್ತೀನಿ. ಬೀದೀಲಿ ನಿಂತು ಕೇಳಿದ್ರೆ ನಮ್ಮೋರು ಸುಮ್ನಿರ್ತಾರಾ?"

ಸಾರ್ಜೆಂಟ್ ನಕ್ಕರು. "ಉಜ್ಜುಗೊರಡು ಕೆಳಗಿಡಿ, ಹೋಗೋಣ."

ಅರ್ಧ ಗಂಟೆಯಲ್ಲಿ ಮರ್ವಿನ್, ಮ್ಯಾಲಕಿ, ಸಾರ್ಜೆಂಟ್, ನಾನು — ನಾಲ್ವರೂ ಇಸೊಬೆಲ್ ಪರ್ಡಿಯ ನಡುಮನೆಯಲ್ಲಿದ್ದೆವು. ಒಲೆಯಲ್ಲಿ ಜವುಗುಮಣ್ಣಿನ ಒಣ ಪೀಟ್ ಹೆಂಟೆ ಉರಿಯುತ್ತಿತ್ತು. ಎಲ್ಲರ ಹಣೆಯಲ್ಲೂ ಬೆವರು.

"ಭವನದ ಕಿಟಕಿ ಒಂದೂವರೆ ಅಡಿ," ಎಂದರು ಸಾರ್ಜೆಂಟ್. "ಡೋಲು ಮೂರಡಿಗೂ ಮಿಗಿಲು. ಅಂದ್ಮೇಲೆ ಹೋಗಿದ್ದು ಬಾಗಿಲಿಂದ — ಬೀಗದಕೈ ಇದ್ದೋರ ಜೊತೆ. ದ್ವೇಷ ಇದ್ದೋನು ಅಲ್ಲೇ ತೊಗಲು ಹರಿದು ಹೋಗ್ತಿದ್ದ. ಇವರು ಕಂಬಳಿ ಹೊದಿಸಿಕೊಂಡು ಹೋಗಿದ್ದಾರೆ. ಎಲ್ಲರೂ ಕಿಟಕಿ ನೋಡಿದ್ರಿ, ಈ ಮನೆ ಚಿಮಣಿ ಯಾರೂ ನೋಡ್ಲಿಲ್ಲ. ಇಂಥ ಸೆಕೇಲಿ ಒಲೆ ಯಾಕೆ? ಡೋಲಿನ ಆಡಿನ ತೊಗಲಿಗೆ ತೇವ ಆಗಲ್ಲ, ಬೆಚ್ಚಗಿಡ್ಬೇಕು. ಅಲ್ವಾ, ಮಿಸೆಸ್ ಪರ್ಡಿ?"

ಮುದುಕಿ ತಲೆ ತಗ್ಗಿಸಲಿಲ್ಲ. ಎದ್ದು ಪಕ್ಕದ ಕೋಣೆಯ ಬಾಗಿಲು ತೆರೆದಳು. ಕಂಬಳಿ ಹೊದ್ದ ಡೋಲು ಅಲ್ಲಿ ನಿಂತಿತ್ತು.

"ಅಷ್ಟು ಭಾರ ನೀವೊಬ್ರೇ ಹೊತ್ರಾ?" ಎಂದೆ.

"ಹೊರೋದ್ಯಾಕೆ? ದುಂಡಗಿದೆ. ನಸುಕಲ್ಲೇ ಉರುಳಿಸ್ಕೊಂಡು ಬಂದೆ." ಆಮೇಲೆ ಮರ್ವಿನ್ ಕಡೆ ತಿರುಗಿದಳು. "ತೊಗಲು ಬಿಚ್ಚಿ ಒಳಗಿನ ಹೆಸರು ನೋಡಿದ್ರೆ, ಇವತ್ತು ರಾತ್ರಿ ನೀವು ಹಾಕೋ ಹಬ್ಬದ ಬೆಂಕಿಗೇ ಇದನ್ನ ಎಸೀತಿದ್ರಿ. ಕಾಪಾಡ್ತೀನಿ ಅಂತ ವಿನ್‌ಸ್ಟನ್‌ಗೆ ಮಾತು ಕೊಟ್ಟಿದ್ದೆ. ಗಾಜು ಒಡೆದಿದ್ದೂ ನಾನೇ. ಆದ್ರೆ ತಪ್ಪು ನಿನ್ನ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ ಮ್ಯಾಲಕಿ. ಕ್ಷಮಿಸಪ್ಪ."

"ಬಿಡಮ್ಮಾ," ಎಂದ ಮ್ಯಾಲಕಿ. "ಡೋಲಿನ ಕೈ ಬಿಡ್ಲಿಲ್ಲವಲ್ಲ, ಅಷ್ಟು ಸಾಕು."

ಮರ್ವಿನ್ ಮಂಡಿಯೂರಿ ತಾನೇ ಹಗ್ಗ ಬಿಚ್ಚಿದ. ತೊಗಲು ಸರಿಸಿ ಒಳಗೆ ಟಾರ್ಚ್ ಹಿಡಿದ. ಜೋರಾಗಿ ಓದಿದ:

"ಫ್ರಾನ್ಸಿಸ್ ಟೀಗ್. ಟಲ್ಲಿಬ್ರಾನ್. 1911."

ಇನ್ನೊಮ್ಮೆ ಓದಿ ಟಾರ್ಚ್ ಆರಿಸಿದ.

"ನಮ್ಮಪ್ಪನೂ ಇದನ್ನ ಬಾರಿಸಿದ್ದ," ಎಂದ. "ಇದನ್ನ ಸುಡೋ ಅಷ್ಟು ಸಣ್ಣೋನು ಅಂದ್ಕೊಂಡ್ರಾ ನನ್ನ, ಇಸೊಬೆಲ್?"

"ಅಂದ್ಕೊಂಡೆ," ಎಂದಳು ಆಕೆ. "ತಪ್ಪಾಗಿದ್ರೆ ನಂಗೇ ಖುಷಿ."

ಮ್ಯಾಲಕಿ ಮುಂದೆ ಬಾಗಿ ಓಕ್ ಅಂಚನ್ನು ಬೆರಳಿನಿಂದ ಸವರಿದ. "ಒಂದು ಬಿರುಕಿಲ್ಲ ನೋಡು."

"ಹೊಸ ತೊಗಲು ಬಿಗಿಯೋಕೆ ಕೈ ಹಾಕ್ತೀಯಾ?" ಎಂದ ಮರ್ವಿನ್.

"ಮೆರವಣಿಗೆಗೆ ಬರಲ್ಲ."

"ಕರೀತಾನೂ ಇಲ್ಲ."

"ಹಾಗಾದ್ರೆ ಹಗ್ಗ ಕೊಡು."

ಮಧ್ಯಾಹ್ನದವರೆಗೆ ಇಬ್ಬರೂ ಬೈದಾಡುತ್ತಲೇ ಎಳೆದರು. ದೂರು ದಾಖಲಾಗಲಿಲ್ಲ, ಗಾಜಿನ ಖರ್ಚು ತನ್ನದೆಂದ ಮರ್ವಿನ್. ಕೊನೆಗೆ ಡೋಲನ್ನು ಬೀದಿಗೆ ತಂದು ಎರಡು ಬೆತ್ತದಿಂದ ಬಾರಿಸಿದ. ಸದ್ದು ಸೇತುವೆ ದಾಟಿ, ಎರಡೂ ಚರ್ಚುಗಳ ಗೋಡೆಗೆ ಬಡಿದು ತಿರುಗಿ ಬಂತು. ನನ್ನೆದೆ ಉಬ್ಬಿತು.

ಸಾರ್ಜೆಂಟ್ ಟೋಪಿ ಸರಿಮಾಡಿಕೊಂಡರು. "ಎಂಥ ಸದ್ದು ಕಣ್ರೀ ಹ್ಯಾಸ್ಲೆಟ್, ನಮ್ಮೂರದ್ದು!"