ಸೂರ್ ಬಂದರಿನಲ್ಲಿ ಬಸ್ರೂರಿನ ಮಾತು

ಹಿಂದಿನ ಕಾಲದಲ್ಲಿ ಕರಾವಳಿಯ ನಮ್ಮೂರು ಬಸ್ರೂರಿನ ಅಕ್ಕಿ ಹಡಗು ಹತ್ತಿ ಒಮಾನಿಗೆ ಹೋಗುತ್ತಿತ್ತು. ಅದೇ ವ್ಯಾಪಾರವನ್ನು ನಾನು ಮತ್ತೆ ಶುರುಮಾಡಿದ್ದೆ. ಕೊಳ್ಳುತ್ತಿದ್ದವರು ಅಲ್ಲಿಯ ಸೂರ್ ಬಂದರಿನ ಸಲೀಂ. ಒಂದು ಮಧ್ಯಾಹ್ನ ಅವರ ಫೋನ್ ಬಂತು.

"ಮೇಡಂ, ಹಡಗು ನಿಲ್ಲುವ ಹಳೆಯ ಧಕ್ಕೆಯಲ್ಲಿ ಯಾರೋ ಹೆಂಗಸು ಅಳುತ್ತಿದ್ದಾಳೆ. ಕಣ್ಣಿಗೆ ಕಾಣಿಸುವುದಿಲ್ಲ. ನಿಮ್ಮ ಭಾಷೆಯ ಹಾಗಿದೆ, ಕೇಳಿ," ಎಂದು ಹಿಂದಿಯಲ್ಲಿ ಹೇಳಿ ಫೋನನ್ನು ಕಡಲಿನತ್ತ ಹಿಡಿದರು.

ಆ ಸೆಕೆಯಲ್ಲೂ ಫೋನಿನೊಳಗಿಂದ ನನ್ನ ಕಿವಿಗೆ ತಣ್ಣನೆಯ ಗಾಳಿ ಬಡಿಯಿತು.

"ಹ್ವಾಯ್, ಬಸ್ರೂರಿಗೆ ಹೋಪ ದೋಣಿ ಬಂತಾ?"

ಕನಿಕರವೆನಿಸಿ ಉತ್ತರಿಸಿದೆ. "ಇಲ್ಲೆ ಅಮ್ಮ, ಈಗ ದೋಣಿ ಬತ್ತಿಲ್ಲೆ."

ಅಳು ನಿಂತಿತು. "ಹಂಗಾರೆ ನೀನೇ ಬಾ, ಮೋಕ್ಷಿತಾ."

ಅವಳಿಗೆ ನನ್ನ ಹೆಸರನ್ನು ಯಾರೂ ಹೇಳಿರಲಿಲ್ಲ.

ಹೆದರಿ ವ್ಯಾಪಾರ ಬಿಟ್ಟು ವರ್ಷವಾಯಿತು. ಅವಳೀಗ ದೋಣಿಯ ಸುದ್ದಿ ಕೇಳುವುದಿಲ್ಲ, ಅದೊಂದು ಹೆಸರನ್ನಷ್ಟೇ ಕೂಗುತ್ತಾಳೆ ಎನ್ನುತ್ತಾರೆ ಸಲೀಂ.