ಸುಳಿ ನುಂಗಿದ ಮೂರು ಸದ್ದು

"ನೀವಾ...?"

ಪ್ರಯೋಗಾಲಯದ ಬಾಗಿಲಲ್ಲಿ ನಿಂತವನನ್ನು ಕಂಡು ಅವಳ ಎದೆ ಧಸಕ್ಕೆಂದಿತು. ಏಳು ವರ್ಷ! ಕಿವಿಯ ಬಳಿ ನಾಲ್ಕು ನರೆಗೂದಲು ಬಿಟ್ಟರೆ ಅದೇ ಮುಖ.

"ಹಳೇ ರೆಕಾರ್ಡಿಂಗ್ ಅಳಿಸೋಕೆ ನನ್ನ ಸಹಿ ಬೇಕಂತೆ. ಹಾಕಿ ಹೊರಡ್ತೀನಿ."

'ಹೊರಡೋದರಲ್ಲಿ ಮೊದಲಿಂದಲೂ ಜಾಣ!' ಅಕ್ಕ ತೋರಿಸಿದ ಗಂಡುಗಳಿಗೆಲ್ಲ ಅವಳು ಕೊಂಕು ತೆಗೆದದ್ದು ಈ ಪುಣ್ಯಾತ್ಮನಿಗಾಗಿ ಎಂದು ಅವನಿಗೇನು ಗೊತ್ತು?

ಆಗ ಇಬ್ಬರೂ ಸಮುದ್ರದ ಸುಳಿಗಳನ್ನು ಅಳೆಯುತ್ತಿದ್ದರು. ಹತ್ತಾರು ಮೈಲಿ ಅಗಲದ, ಬೆಚ್ಚನೆ ನೀರಿನ ದೊಡ್ಡ ಸುಳಿಯ ಆಚೆ ಅವನ ಹಡಗು, ಈಚೆ ಅವಳದು. ಅವನು ನೀರೊಳಗೆ ಕಳಿಸಿದ ಸದ್ದನ್ನು ಆಳದಲ್ಲಿಟ್ಟ ಯಂತ್ರ ಹಿಡಿದಿಡುತ್ತಿತ್ತು. ಬಿಡುವಾದಾಗ ರೇಡಿಯೋದಲ್ಲಿ ಅವನ ಬೇಸುರ ಹಾಡು. ಆ ದಿನಗಳೇ ಚಂದ...

ಆ ಯಾನಕ್ಕೆ ಹೊರಡುವ ಮುನ್ನ ಅವನು ಹೇಳಿದ್ದ. "ನಮ್ಮ ಮದುವೆಗೆ ಅಪ್ಪ ಒಪ್ಪಿದರೆ, ಕೊನೇ ದಿನ ಕೆಲಸ ಮುಗಿದ ಮೇಲೆ ಮೂರು ಸದ್ದು ಕಳಿಸ್ತೀನಿ. ನಿನಗೂ ಒಪ್ಪಿಗೆಯಾದರೆ ರೇಡಿಯೋದಲ್ಲಿ ಹೇಳು. ಹೇಳದಿದ್ದರೆ ಮತ್ತೆ ಆ ಮಾತೆತ್ತಲ್ಲ."

ಆ ಕೊನೇ ದಿನ ಅವಳು ಹಡಗಿನ ಪಕ್ಕದಲ್ಲಿ ಸಣ್ಣ ಮೈಕನ್ನು ನೀರಿಗೆ ಇಳಿಬಿಟ್ಟು ರಾತ್ರಿಯವರೆಗೂ ಕಾದಳು. ಒಂದು ಸದ್ದೂ ಬರಲಿಲ್ಲ. 'ಮನೆಯಲ್ಲಿ ಒಪ್ಪಲಿಲ್ಲ' ಎಂದುಕೊಂಡಳು. ಕೇಳಲು ಸ್ವಾಭಿಮಾನ ಅಡ್ಡ ಬಂತು.

"ಅಳಿಸೋ ಮುಂಚೆ ಪೂರ್ತಿ ಕೇಳಬೇಕು, ನಿಯಮ," ಎಂದಳು ಬಿಗಿಯಾಗಿ. ಆಳದ ಯಂತ್ರದ ಕೊನೆಯ ದಿನದ ರೆಕಾರ್ಡಿಂಗ್ ಹಾಕಿದಳು. ಕೆಲಸದ ಹೊತ್ತು ಮುಗಿದ ನಂತರದ ಭಾಗವನ್ನು ಯಾರೂ ಕೇಳಿರಲಿಲ್ಲ.

ಟಕ್... ಟಕ್... ಟಕ್.

ಅವಳು ರೆಕಾರ್ಡಿಂಗ್ ನಿಲ್ಲಿಸಿದಳು. "ಕಳಿಸಿದ್ರಾ?!"

"ಮತ್ತೆ? ರಾತ್ರಿಯೆಲ್ಲ ರೇಡಿಯೋ ಮುಂದೆ ಕೂತಿದ್ದೆ. ನಿನಗೇ ಇಷ್ಟವಿಲ್ಲ ಅಂತ..."

"ನಾನು ಮೇಲಿನ ಮೈಕಲ್ಲಿ ಕೇಳ್ತಿದ್ದೆ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಬೆಚ್ಚನೆ ಸುಳಿ ಸದ್ದನ್ನು ಆಳಕ್ಕೆ ಬಾಗಿಸುತ್ತದೆ, ಮೇಲೆ ಏನೂ ಕೇಳಿಸದು ಎಂದು ಲೋಕಕ್ಕೆಲ್ಲ ಪಾಠ ಹೇಳಿದವರು ಇವರೇ!

"ಎಂಥಾ ಪೆದ್ದರು ನಾವು..." ನಗಲು ಹೋಗಿ ಅತ್ತುಬಿಟ್ಟಳು. "ಒಂದು ಸಲ ಬಾಯಿಬಿಟ್ಟು ಕೇಳಬಾರದಿತ್ತೇನೋ ನೀನು?"

ಏಳು ವರ್ಷದ 'ನೀವು' ಎಲ್ಲೋ ಹೋಗಿತ್ತು. ಅವನ ಕಣ್ಣೂ ತುಂಬಿತು.

"ಈಗ ಕೇಳ್ತೀನಿ. ಮದುವೆ ಆಗ್ತೀಯಾ?"

"ಆಗ್ತೀನಿ. ಆದರೆ ಕೋಪ ಇನ್ನೂ ಇದೆ."

"ಎಷ್ಟು?"

"ಏಳು ವರ್ಷದ್ದು. ದಿನಾ ಒಂಚೂರು ಇಳಿಸಬೇಕು, ಮನೇಲಿ ಕೂತು."

"ಯಾರ ಮನೇಲಿ?"

"ನಮ್ಮನೇಲಿ ಕಣೋ..."